ನೀಲಿ ಮಗು, ಒಂದೇ ಶ್ವಾಸಕೋಶ: ನನ್ನ ಅನುಭವ

"ಒಂದೇ ಕಡೆ ಗಾಳಿ ಕೊಟ್ಟರೆ ಈ ಮಗು ಟೇಬಲ್ ಮೇಲೇ ಹೋಗುತ್ತೆ" ಎಂದು ಇಬ್ಬರು ಸೀನಿಯರ್‌ಗಳು ಹೇಳಿದ್ದರು. ಹೋಗಲಿಲ್ಲ. ಅರಿವಳಿಕೆ ಕೊಟ್ಟದ್ದು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಆರು ವರ್ಷ, ಸುಮಾರು 16 ಕೆಜಿ. ರಿಪೇರಿ ಆಗದ ಟೆಟ್ರಾಲಜಿ (ಮೈ ನೀಲಿಗಟ್ಟಿಸುವ ಹುಟ್ಟು ಹೃದಯದೋಷ), ಬಲಗಡೆ ಬಿಟಿ ಷಂಟ್ (ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶಕ್ಕೆ ರಕ್ತ ತಿರುಗಿಸುವ ಕೊಳವೆ). ಎಡ ಎದೆಯಲ್ಲಿ ಕೀವು ಗಟ್ಟಿಯಾಗಿ, ಆ ಪದರ ಸುಲಿದು ತೆಗೆಯುವ ಡೆಕಾರ್ಟಿಕೇಶನ್ ಆಪರೇಶನ್‌ಗೆ ಬಂದಿತ್ತು. ಸ್ಯಾಚುರೇಶನ್ (ರಕ್ತದ ಆಮ್ಲಜನಕ ಮಟ್ಟ) ಶೇ. 78ರ ಆಸುಪಾಸು, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 60ಕ್ಕೆ ಹತ್ತಿರ.

ಮೊದಲು ನನ್ನ ಹಳೆಯ ಎಡವಟ್ಟುಗಳು. ಒಂದು ಕೇಸಿನಲ್ಲಿ, ಬಿಪಿ ಅಳೆಯಲು ರಕ್ತನಾಳದೊಳಗೆ ಇಡುವ ಆರ್ಟೀರಿಯಲ್ ಲೈನನ್ನು ಷಂಟ್ ಕಡೆಯ ಕೈಗೇ ಹಾಕಿದ್ದೆ. ಬಿಪಿ ಕಡಿಮೆ ತೋರಿಸುತ್ತಲೇ ಇತ್ತು, ನಾನು ಔಷಧಿ ಸುರಿಯುತ್ತಲೇ ಇದ್ದೆ. ಕಾಲಿಗೆ ಕಫ್ ಕಟ್ಟಿದಾಗ ನಿಜ ಬಿಪಿ ಗಗನಕ್ಕೇರಿತ್ತು. ಇನ್ನೊಂದರಲ್ಲಿ ಎಂಡ್ ಟೈಡಲ್ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್) 34 ನೋಡಿ ನೆಮ್ಮದಿಯಾಗಿದ್ದೆ. ಬ್ಲಡ್ ಗ್ಯಾಸ್ ಪರೀಕ್ಷೆಗೆ ಕಳಿಸಿದರೆ ರಕ್ತದಲ್ಲಿ ಅದು 52! ಈ ಮಕ್ಕಳಲ್ಲಿ ಆ ಅಂಕಿಯನ್ನು ಸುಮ್ನೆ ನಂಬಬೇಡಿ.

ಈ ಸಲ ಲೈನ್ ಎಡಗೈಗೆ. ಪ್ರಜ್ಞೆ ತಪ್ಪಿಸಲು ಕೆಟಮಿನ್ ಕೆಜಿಗೆ 1.5 ಮಿಗ್ರಾಂ, ನಿಧಾನವಾಗಿ. ಎರಡು ಶ್ವಾಸಕೋಶಕ್ಕೂ ಬೇರೆಬೇರೆ ದಾರಿ ಇರುವ ಡಬಲ್ ಲ್ಯೂಮೆನ್ ಟ್ಯೂಬ್ ಈ ಗಂಟಲಿಗೆ ಹಿಡಿಸುವುದಿಲ್ಲ, ಎಡ ಶ್ವಾಸಕೋಶಕ್ಕೆ ಗಾಳಿ ತಡೆಯಲು 5 ಫ್ರೆಂಚ್ ಬ್ಲಾಕರನ್ನು (ತುದಿಯಲ್ಲಿ ಬಲೂನ್ ಇರುವ ಸಣ್ಣ ಕೊಳವೆ) ಉಸಿರಿನ ಟ್ಯೂಬ್‌ನ ಹೊರಗಿನಿಂದ ಇಳಿಸಿದೆ. ಮಗುವನ್ನು ಮಗ್ಗುಲಾಗಿಸುವಾಗ ಅದು ಜಾರದಂತೆ ಮಾಡಲು ನನ್ನದೊಂದು ಕೈಚಳಕ ಇದೆ. ಅದನ್ನು ನನ್ನ ಜೊತೆ ಕೇಸಿಗೆ ನಿಂತವರಿಗೆ ಮಾತ್ರ ತೋರಿಸುತ್ತೇನೆ.

ಶ್ವಾಸಕೋಶ ಕುಸಿದ ಹತ್ತು ನಿಮಿಷಕ್ಕೆ ಸ್ಯಾಚುರೇಶನ್ 66. ಎಲ್ಲರ ಕಣ್ಣೂ ವೆಂಟಿಲೇಟರ್ ಮೇಲೆ. ಸರ್ಜನ್ "ಬ್ಲಾಕರ್ ಬಲೂನಿನ ಗಾಳಿ ತೆಗೆದುಬಿಡಿ" ಎಂದರು. ನಾನು ಬಿಪಿ ನೋಡಿದೆ. ಮೀನ್ (ಸರಾಸರಿ ಬಿಪಿ) 64 ಇದ್ದದ್ದು 50 ಆಗಿತ್ತು. ಬಿಪಿ ಏರಿಸುವ ಫಿನೈಲ್‌ಎಫ್ರಿನ್ ಕೆಜಿಗೆ 1 ಮೈಕ್ರೋಗ್ರಾಂ, ಎರಡು ಸಲ. ಜೊತೆಗೆ ಕೆಜಿಗೆ 10 ಎಂಎಲ್ ಫ್ಲೂಯಿಡ್. ಮೀನ್ 65ಕ್ಕೆ ಏರಿತು, ಅದರ ಬೆನ್ನಿಗೇ ಸ್ಯಾಚುರೇಶನ್ 76. ಷಂಟ್ ಹರಿಯುವುದೇ ಬಿಪಿಯ ಬಲದಲ್ಲಿ, ಅಲ್ವಾ?

ಶ್ವಾಸಕೋಶದ ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಅನಿಲ ತರಿಸಲೇಬೇಕು ಎಂದು ಹಿಂದಿನ ದಿನ ದೊಡ್ಡ ಚರ್ಚೆ ನಡೆದಿತ್ತು. ಅದರ ಒಂದು ದಿನದ ಖರ್ಚಿಗೆ ಫಿನೈಲ್‌ಎಫ್ರಿನ್ ಆಂಪೂಲ್ ಡಬ್ಬಿಗಟ್ಟಲೆ ಬರುತ್ತವೆ. ಟೆಟ್ರಾಲಜಿಯಲ್ಲಿ ಮುಖ್ಯ ಅಡ್ಡಿ ಇರುವುದು ಹೃದಯದ ಬಲ ಕುಹರದಿಂದ ಶ್ವಾಸಕೋಶದ ಕಡೆಗೆ ಹೋಗುವ ಬಾಗಿಲಲ್ಲಿ. ಶ್ವಾಸಕೋಶದ ನಾಳ ಹಿಗ್ಗಿಸಲು ಅಷ್ಟು ದುಡ್ಡು ಯಾಕೆ? ಇನ್ನೊಂದು ಮಗುವಿಗೆ, ಅದೇ ನಾಳ ಹಿಗ್ಗಿಸುವ ಮಿಲ್ರಿನೋನನ್ನು ಉಸಿರಿನ ಮೂಲಕ ಕೊಟ್ಟೂ (ನೆಬ್ಯುಲೈಸ್) ನೋಡಿದ್ದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ನೋವಿಗೆ ಎಪಿಡ್ಯೂರಲ್ (ಬೆನ್ನುಹುರಿಯ ಸುತ್ತ ಮದ್ದು) ಬಿಟ್ಟು, ಬೆನ್ನಿನ ಸ್ನಾಯುವಿನಡಿ ಮದ್ದು ಹರಿಸುವ ಇರೆಕ್ಟರ್ ಸ್ಪೈನೇ ಕ್ಯಾಥೆಟರ್ ಹಾಕಿದ್ದೆ, ಬಿಪಿ ಬೀಳಬಾರದು ಎಂದು. ಆಪರೇಶನ್ ಟೇಬಲ್ ಮೇಲೇ ಉಸಿರಿನ ಟ್ಯೂಬ್ ತೆಗೆದೆವು. ಕ್ಯಾಥೆಟರ್ ಮಾತ್ರ ಎರಡನೇ ರಾತ್ರಿ ಕಿತ್ತುಬಂತು. ಆಮೇಲೆ ಪ್ಯಾರಾಸಿಟಮಾಲ್‌ನಲ್ಲೇ ಸುಧಾರಿಸಿದೆವು.