ಪೇಟೆ ಬಿದ್ದಾಗ ಬಂದ ಅನುಮಾನಗಳು: ನನ್ನ ಅನುಭವ

2009ರ ಮಾರ್ಚ್ ಮೊದಲ ವಾರ. ನನ್ನ ಷೇರುಗಳ ಒಟ್ಟು ಬೆಲೆ ನಾನು ಹಾಕಿದ ದುಡ್ಡಿನ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. 'ಒಳ್ಳೆ ಷೇರು ಕೊಳ್ಳಬೇಕು, ವರ್ಷಗಟ್ಟಲೆ ಇಟ್ಟುಕೊಳ್ಳಬೇಕು' ಅನ್ನೋದನ್ನು ನಂಬಿಯೇ ನಾನು ಶುರು ಮಾಡಿದ್ದು. ಬೆಲೆ ಶೇ 20ರಷ್ಟು ಇಳಿದಾಗ ಆ ನಂಬಿಕೆಗೆ ಏನೂ ಆಗಲಿಲ್ಲ. ಶೇ 50 ದಾಟಿದ ಮೇಲೆ ರಾತ್ರಿ ನಿದ್ದೆ ಬರುವುದು ನಿಂತಿತು.

ನನ್ನನ್ನು ಜಾಸ್ತಿ ಕಂಗೆಡಿಸಿದ್ದು ಆ ಇಳಿತ ಎಳೆದುಕೊಂಡು ಹೋದ ರೀತಿ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕವನ್ನೇ ನೋಡಿ. 2008ರ ನವೆಂಬರ್ 20ರಂದು ಅದು 752ಕ್ಕೆ ಬಿತ್ತು. ಜನವರಿ ಮೊದಲ ವಾರದ ಹೊತ್ತಿಗೆ 934ಕ್ಕೆ ಏರಿತು. ಎಲ್ಲರೂ ಉಸಿರು ಬಿಟ್ಟರು. ಮಾರ್ಚ್ 9ಕ್ಕೆ ಮತ್ತೆ 676. ಹಿಂದಿನ ಶಿಖರದಿಂದ ಸುಮಾರು ಶೇ 57ರಷ್ಟು ಕೆಳಗೆ. ಆಸೆ ಹುಟ್ಟಿಸಿ ಮತ್ತೆ ಕೆಡವುವ ಈ ಆಟಕ್ಕೆ ಸಿಕ್ಕಿ ಎಷ್ಟೋ ಜನ ಕೊನೆಯ ಇಳಿತದಲ್ಲಿ ಮಾರಿ ಹೊರಗೆ ಹೋದರು. ನಾನೂ ಫೆಬ್ರವರಿಯಲ್ಲಿ ಕಾಲು ಭಾಗ ಮಾರಿದೆ. ಪೇಟೆ ಒಂದು ಹದಕ್ಕೆ ಬರಲಿ, ಆಮೇಲೆ ಕೊಳ್ಳೋಣ ಅಂದುಕೊಂಡಿದ್ದೆ. ಧೈರ್ಯ ಬಂದಾಗ ಆಗಸ್ಟ್ ತಿಂಗಳು. ಅಷ್ಟರಲ್ಲಿ ಅದೇ ಷೇರುಗಳು ನಾನು ಮಾರಿದ ಬೆಲೆಗಿಂತ ಬಹಳ ಮೇಲಿದ್ದವು.

ಆ ದಿನಗಳಲ್ಲಿ ಹಳೆಯ ಕುಸಿತಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸಮಾಧಾನ ಸಿಗುತ್ತದೆ ಅಂತ ಓದಿದ್ದು, ಸಿಕ್ಕಿದ್ದು ಭಯ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಕೊನೆಯಲ್ಲಿ 38,915 ಇತ್ತು. ನಾನು ಓದುತ್ತಿದ್ದಾಗ, ಸುಮಾರು ಇಪ್ಪತ್ತು ವರ್ಷಗಳ ನಂತರವೂ, ಅದು 7,000ದ ಹತ್ತಿರ ಇತ್ತು. ಆ ಹಳೆಯ ಶಿಖರವನ್ನು ಅದು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅಮೆರಿಕದ ಇನ್ನೊಂದು ಸೂಚ್ಯಂಕ ಡೌ ಜೋನ್ಸ್ ಕೂಡ 1929ರಲ್ಲಿ 381ರಿಂದ ಇಳಿಯತೊಡಗಿ 1932ರ ಜುಲೈನಲ್ಲಿ 41 ಮುಟ್ಟಿತ್ತು. ಮತ್ತೆ 381 ನೋಡಲು 1954ರ ನವೆಂಬರ್ ಬರಬೇಕಾಯಿತು. 'ದೀರ್ಘಕಾಲದಲ್ಲಿ ಪೇಟೆ ಏರಿಯೇ ಏರುತ್ತದೆ' ಅಂತ ಸಲೀಸಾಗಿ ಹೇಳುವವರು ಈ ಎರಡು ಲೆಕ್ಕಗಳನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ.

ಆದರೆ ಈ ಲೆಕ್ಕಗಳಲ್ಲೂ ಒಂದು ವಿಷಯ ನೋಡಬೇಕು. ಇವು ಶಿಖರದ ದಿನವೇ ಇದ್ದ ದುಡ್ಡನ್ನೆಲ್ಲ ಹಾಕಿದವರ ಲೆಕ್ಕ. ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ದುಡ್ಡು, ಇದರಲ್ಲಿ ಸೇರಿಲ್ಲ. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದವರು ತಳದ ಬೆಲೆಯಲ್ಲೂ ಕೊಂಡಿರುತ್ತಾರೆ, ಅವರ ಕಾಯುವಿಕೆ ಅಷ್ಟು ಉದ್ದ ಇರುವುದಿಲ್ಲ. ಇದು ಗೊತ್ತಾದ ಮೇಲೆ ನನಗೆ ಸ್ವಲ್ಪ ನೆಲ ಸಿಕ್ಕಿದ ಹಾಗಾಯಿತು.

ನಿಜವಾದ ತಿರುವು ಬಂದದ್ದು ನನ್ನ ಅಕ್ಕನಿಂದ. ಅವಳಿಗೆ ಷೇರು ಪೇಟೆ ಗೊತ್ತಿಲ್ಲ. ನನ್ನ ಗೋಳು ಕೇಳಿ ಒಂದೇ ಪ್ರಶ್ನೆ ಕೇಳಿದಳು: "ಇದರಲ್ಲಿ ಯಾವ ದುಡ್ಡು ಯಾವಾಗ ಬೇಕು ಅಂತ ಬರೆದಿಟ್ಟಿದ್ದೀಯಾ?"

ಬರೆದಿರಲಿಲ್ಲ. ಅವತ್ತು ರಾತ್ರಿಯೇ ಬರೆದೆ. ಮೂರು ವರ್ಷದಲ್ಲಿ ಮಗಳ ಓದಿಗೆ ಬೇಕಾದ ದುಡ್ಡೂ ಷೇರಿನಲ್ಲೇ ಇತ್ತು. ಅದನ್ನೂ 'ದೀರ್ಘಕಾಲ' ಅಂತಲೇ ಕರೆಯುತ್ತಿದ್ದೆ! ಬೆಲೆ ಅರ್ಧ ಆದರೆ ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಅದು ದುಪ್ಪಟ್ಟು ಆಗಬೇಕು. ಶೇ 80 ಇಳಿದರೆ ಐದು ಪಟ್ಟು ಆಗಬೇಕು. ಅಷ್ಟಕ್ಕೆ ಮೂರು ವರ್ಷ ಸಾಲದೇ ಹೋಗಬಹುದು. ಪೇಟೆ ಸ್ವಲ್ಪ ಚೇತರಿಸಿಕೊಂಡಂತೆ ಆ ಭಾಗವನ್ನು ಕಂತು ಕಂತಾಗಿ ತೆಗೆದು ಠೇವಣಿಗೆ ಹಾಕಿದೆ. ನಷ್ಟದಲ್ಲೇ ತೆಗೆದೆ. ಇವತ್ತಿಗೂ ಆ ನಿರ್ಧಾರದ ಬಗ್ಗೆ ಬೇಸರವಿಲ್ಲ. ಅದು ಆದ ಮೇಲೆ ಉಳಿದ ದುಡ್ಡನ್ನು ಮುಟ್ಟದೆ ಇರುವ ಶಕ್ತಿ ಬಂತು.

ಆಮೇಲೆ ಒಂದು ಪುಸ್ತಕದಲ್ಲಿ ಒಂದೊಂದು ಕಂಪನಿಯ ಹೆಸರು ಬರೆದು, ಅದರ ಮುಂದೆ ನಾನು ಯಾಕೆ ಕೊಂಡೆ ಅಂತ ಬರೆಯಲು ಕೂತೆ. ಈ ಕೆಲಸ ನನಗೆ ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ. ನಾಲ್ಕು ಹೆಸರುಗಳ ಮುಂದೆ ಬರೆಯಲು ಏನೂ ಇರಲಿಲ್ಲ. 'ಬೆಲೆ ಇಳಿದಿತ್ತು, ಕೊಂಡೆ' ಅಷ್ಟೇ. ಅದರಲ್ಲಿ ಒಂದನ್ನು ಮೂರು ಸಲ ಆವರೇಜ್ ಮಾಡಿದ್ದೆ, ಅಂದರೆ ಬೆಲೆ ಇಳಿದಾಗ ಮತ್ತಷ್ಟು ಕೊಂಡು ಸರಾಸರಿ ಕೊಂಡ ಬೆಲೆ ಇಳಿಸಿಕೊಂಡಿದ್ದೆ. ಪ್ರತಿ ಸಲವೂ 'ನಾನು ದೀರ್ಘಕಾಲದ ಹೂಡಿಕೆದಾರ' ಅಂತ ಸಮಾಧಾನ ಹೇಳಿಕೊಂಡು ಇನ್ನಷ್ಟು ಕೊಂಡೆ. ಆ ಕಂಪನಿಗೆ ತಲೆ ಮೇಲೆ ಸಾಲ. ಮಾರಾಟ ಕುಗ್ಗಿದಾಗ ಬಡ್ಡಿ ಕಟ್ಟಲೂ ಆಗಲಿಲ್ಲ. ಪೇಟೆ ಪೂರ್ತಿ ಚೇತರಿಸಿಕೊಂಡ ಮೇಲೂ ಆ ಷೇರು ಮೇಲೆ ಬರಲೇ ಇಲ್ಲ.

ನಾನು ಇಲ್ಲೇ ಎಡವಿದ್ದು. ಇತಿಹಾಸದಲ್ಲಿ ಚೇತರಿಸಿಕೊಂಡದ್ದು ಸೂಚ್ಯಂಕಗಳು. ಆ ಭರವಸೆಯನ್ನು ನಾನು ನನ್ನ ಬಿಡಿ ಷೇರುಗಳಿಗೂ ಕೊಟ್ಟುಬಿಟ್ಟಿದ್ದೆ. ಸೂಚ್ಯಂಕ ಸೋತವರನ್ನು ಕೈಬಿಟ್ಟು ಹೊಸಬರನ್ನು ಸೇರಿಸಿಕೊಳ್ಳುತ್ತಾ ಹೋಗುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಎದ್ದಾಗ ಎಸ್ ಆ್ಯಂಡ್ ಪಿ 500 ಅದನ್ನು ತೆಗೆದುಹಾಕಿತು. 2009ರ ಜೂನ್‌ನಲ್ಲಿ ಕಾರು ಕಂಪನಿ ಜನರಲ್ ಮೋಟರ್ಸ್ ಡೌ ಜೋನ್ಸ್‌ನಿಂದ ಹೊರಬಿತ್ತು. ಎಸ್ ಆ್ಯಂಡ್ ಪಿ 500 ತನ್ನ 2007ರ ಶಿಖರವನ್ನು 2013ರ ಮಾರ್ಚ್‌ನಲ್ಲಿ ದಾಟಿತು. ಆದರೆ ಲೇಮನ್ ಷೇರು ಹಿಡಿದು ಕೂತವರಿಗೆ ಆ ಏರಿಕೆಯಿಂದ ಏನು ಬಂತು? ನನ್ನ ಪಟ್ಟಿಯಿಂದ ಸೋತ ಕಂಪನಿಯನ್ನು ತೆಗೆಯಲು ನಾನಲ್ಲದೆ ಬೇರೆ ಯಾರೂ ಬರುವುದಿಲ್ಲ, ಅಲ್ವಾ?

ಆ ನಾಲ್ಕನ್ನೂ ಮಾರಿದೆ. ಬಂದ ದುಡ್ಡನ್ನು, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಹಾಕಿದೆ. ಸಾಲ ಇಲ್ಲದ, ಕೈಯಲ್ಲಿ ಸಾಕಷ್ಟು ನಗದು ಇದ್ದ ಕಂಪನಿಗಳನ್ನು ಬೆಲೆ ಎಷ್ಟೇ ಇಳಿದಿದ್ದರೂ ಹಾಗೇ ಇಟ್ಟುಕೊಂಡೆ.

2020ರ ಕೊರೊನಾ ಕುಸಿತ ಬಂದಾಗ ನನ್ನ ಕೈ ಅಷ್ಟಾಗಿ ನಡುಗಲಿಲ್ಲ. ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ ಎಸ್ ಆ್ಯಂಡ್ ಪಿ 500 ಸುಮಾರು ಶೇ 34 ಇಳಿಯಿತು. ಆಗಸ್ಟ್‌ಗೆ ಹಳೆಯ ಮಟ್ಟ ಮುಟ್ಟಿತು. ಆ ವರ್ಷ ಷೇರು ಕೊಳ್ಳಲು ಶುರು ಮಾಡಿದವರ ಬಗ್ಗೆ ನನಗೆ ನಿಜಕ್ಕೂ ಕಾಳಜಿ ಇದೆ. ಕುಸಿತ ಅಂದರೆ ಐದಾರು ತಿಂಗಳ ಮಾತು ಅಂತ ಅವರ ಮನಸ್ಸಿನಲ್ಲಿ ಕೂತಿರುತ್ತದೆ. 2022ರ ಇಳಿತ ಅಷ್ಟು ಆಳದ್ದಲ್ಲ, ಆದರೂ ಆ ಜನವರಿಯ ಶಿಖರ ದಾಟಲು 2024ರ ಜನವರಿಯವರೆಗೆ ಕಾಯಬೇಕಾಯಿತು.

ಈಗಲೂ ಪೇಟೆ ಬಿದ್ದಾಗ ನನಗೆ ಅನುಮಾನ ಬರುತ್ತದೆ. ಬಂದಾಗ ಆ ಪುಸ್ತಕ ತೆಗೆಯುತ್ತೇನೆ. ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ದುಡ್ಡು ಐದು ವರ್ಷದೊಳಗೆ ಬೇಕಾ? ಎರಡು ವರ್ಷ ಮಾರಾಟ ಅರ್ಧಕ್ಕೆ ಇಳಿದರೂ ಈ ಕಂಪನಿ ಬಡ್ಡಿ ಕಟ್ಟಿಕೊಂಡು ಬದುಕುತ್ತದಾ? ಪುಸ್ತಕದಲ್ಲಿ ಈಗ ಏಳು ಕಂಪನಿಗಳಿವೆ. ಒಂದರ ಮುಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಅದರ ಸಾಲ ಎರಡು ವರ್ಷದಿಂದ ಏರುತ್ತಿದೆ. ಈ ಸಲದ ವಾರ್ಷಿಕ ವರದಿ ಬಂದ ಮೇಲೆ ಆ ಪುಟಕ್ಕೆ ಮತ್ತೆ ಬರಬೇಕು.