ಮಾಡಿದ ಕೆಲಸವನ್ನು ಎರಡು ನಿಮಿಷದಲ್ಲಿ ಹೇಳುವುದು ಹೇಗೆ?

ಮಂಡ್ಯ, ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಕ್ಯಾಂಪಸ್ ನೇಮಕಾತಿಯ ಲಿಖಿತ ಪರೀಕ್ಷೆಗೆ ತಿಂಗಳುಗಟ್ಟಲೆ ಓದುತ್ತಾರೆ. ಆದರೆ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದು ಸಂದರ್ಶಕರು ಕೇಳಿಯೇ ಕೇಳುವ ಪ್ರಶ್ನೆಗೆ ಸಿದ್ಧರಾಗಿ ಹೋಗುವವರು ಕಡಿಮೆ. ಸಂವಹನ ಕೌಶಲವೆಂದರೆ ನಿರರ್ಗಳ ಇಂಗ್ಲಿಷ್ ಎಂಬ ನಂಬಿಕೆಯಿಂದಾಗಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಜಾಣ ಮಕ್ಕಳೂ ಅಲ್ಲಿ ಬಾಯಿ ಕಟ್ಟಿದವರಂತೆ ಕುಳಿತುಬಿಡುತ್ತಾರೆ. ಭಾಷೆಯ ತೊಡಕಿಗಿಂತ ಹೆಚ್ಚಾಗಿ ಅಡ್ಡಬರುವುದು ಹೇಳಬೇಕಾದ ವಿಷಯ ಮನಸ್ಸಿನಲ್ಲಿ ತಿಳಿಯಾಗಿಲ್ಲದಿರುವುದು.

ಆದ್ದರಿಂದ ಮೊದಲು ವಿಷಯವನ್ನು ಕನ್ನಡದಲ್ಲಿಯೇ ಬರೆದುಕೊಳ್ಳಿ. ಆಲೆಮನೆಯ ಕೊಪ್ಪರಿಗೆಯ ಉಷ್ಣತೆ ಅಳೆಯುವ ಸಾಧನವನ್ನು ವಿದ್ಯಾರ್ಥಿಯೊಬ್ಬರು ರೂಪಿಸಿದ್ದಾರೆ ಎಂದಿಟ್ಟುಕೊಳ್ಳೋಣ. ‘ಇದು ಸೆನ್ಸರ್ ಆಧಾರಿತ ನಿಗಾ ವ್ಯವಸ್ಥೆ’ ಎಂದು ಆರಂಭಿಸಿದರೆ ಕೇಳುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಕಬ್ಬಿನ ಹಾಲು ಕುದಿದು ಬೆಲ್ಲದ ಹದಕ್ಕೆ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅದು ಮೀರಿದರೆ ಪಾಕ ಸೀದು ಬೆಲ್ಲ ಕಪ್ಪಾಗುತ್ತದೆ. ಅನುಭವಿಗಳು ಪಾಕವನ್ನು ನೀರಿಗೆ ಬಿಟ್ಟು ಹದ ಗುರುತಿಸುತ್ತಾರೆ, ಹೊಸಬರಿಗೂ ಅದು ತಿಳಿಯಲೆಂದು ಈ ಸಾಧನ ಮಾಡಿದೆ’ ಎಂದರೆ ಸಮಸ್ಯೆಯೂ ಪರಿಹಾರವೂ ಒಟ್ಟಿಗೆ ಅರ್ಥವಾಗುತ್ತವೆ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಯಾವುದು, ನೀವು ಏನು ಮಾಡಿದಿರಿ, ಫಲಿತಾಂಶ ಏನಾಯಿತು ಎಂಬ ಅನುಕ್ರಮ ಸಾಕು. ಹೆಚ್ಚು ಸಮಯ ಮೂರನೆಯದಕ್ಕಿರಲಿ. ನಮ್ಮ ಕಡೆಯ ಮಕ್ಕಳು ಸಂಕೋಚದಿಂದ ಎಲ್ಲದಕ್ಕೂ ‘ನಾವು ಮಾಡಿದೆವು’ ಎನ್ನುತ್ತಾರೆ. ತಂಡದ ಶ್ರಮವನ್ನು ಸ್ಮರಿಸುವುದು ಸರಿಯೇ, ಆದರೆ ಸರ್ಕ್ಯೂಟ್ ಜೋಡಿಸಿದ್ದು ನೀವಾಗಿದ್ದರೆ ‘ನಾನು ಜೋಡಿಸಿದೆ’ ಎನ್ನುವುದು ಜಂಬವಲ್ಲ.

ಬರೆದದ್ದನ್ನು ನಿಮ್ಮ ವಿಷಯ ಓದದವರಿಗೆ, ತಾಯಿಗೋ ಅಜ್ಜನಿಗೋ ಹೇಳಿ, ಅವರಿಂದ ಅದನ್ನೇ ಮರಳಿ ಹೇಳಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ವಿವರಣೆಯನ್ನು ತಿದ್ದಬೇಕು.

ಅನಂತರ ಅದನ್ನು ಚಿಕ್ಕ ವಾಕ್ಯಗಳ ಇಂಗ್ಲಿಷ್‌ನಲ್ಲಿ ಹೇಳಿ. ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ 120ರಿಂದ 150 ಪದಗಳು ಹಿತವಾದ ವೇಗವಾದ್ದರಿಂದ, ಎರಡು ನಿಮಿಷಕ್ಕೆ ಸುಮಾರು 250 ಪದಗಳು ಸಾಕಾಗುತ್ತವೆ. ಉರು ಹೊಡೆಯಬೇಡಿ, ಉರು ಹೊಡೆದವರು ನಡುವೆ ಒಂದು ಪ್ರಶ್ನೆ ಬಂದರೂ ಎಳೆ ತಪ್ಪಿಸಿಕೊಳ್ಳುತ್ತಾರೆ. ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿಕೊಂಡರೆ ಅನಗತ್ಯ ಪದಗಳು ತಾವಾಗಿಯೇ ಕಿವಿಗೆ ಬೀಳುತ್ತವೆ. ಜನರೆದುರು ಮಾತನಾಡುವ ಅಭ್ಯಾಸಕ್ಕೆ, 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಕ್ಲಬ್‌ಗಳು ಮೈಸೂರಿನಲ್ಲಿಯೂ ಇವೆ. ಅಲ್ಲಿ ಕೊಟ್ಟ ವಿಷಯದ ಮೇಲೆ ಪೂರ್ವಸಿದ್ಧತೆಯಿಲ್ಲದೆ ಒಂದೆರಡು ನಿಮಿಷ ಮಾತನಾಡಿಸುವ ಪದ್ಧತಿಯಿದ್ದು, ‘ಆ’, ‘ಊಂ’ಗಳನ್ನು ಎಣಿಸಿ ಹೇಳಲೂ ಒಬ್ಬರಿರುತ್ತಾರೆ.

ಸಂದರ್ಶನದ ದಿನ ಪ್ರಶ್ನೆ ಮುಗಿಯುವವರೆಗೆ ಕಾದು ಉತ್ತರಿಸಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ತಿಳಿಯದಿದ್ದರೆ ತಿಳಿಯದೆಂದೇ ಹೇಳಿ.

ಕೆಲಸ ಸಿಕ್ಕ ಬಳಿಕ ದಿನನಿತ್ಯ ಬರೆಯುವ ಇಮೇಲ್‌ಗೂ ಇದೇ ಅಭ್ಯಾಸ ಒದಗುತ್ತದೆ, ಮೇಲಧಿಕಾರಿಗಳು ನಿಮ್ಮನ್ನು ಅಳೆಯುವುದು ಬಹುಮಟ್ಟಿಗೆ ಅದರಿಂದಲೇ. ವಿಷಯದ ಸಾಲಿನಲ್ಲಿ ‘ವರದಿ’ ಎಂದಷ್ಟೇ ಬರೆಯುವ ಬದಲು ‘ಮೇ ತಿಂಗಳ ದಾಸ್ತಾನು ವರದಿ: ಶುಕ್ರವಾರದೊಳಗೆ ಒಪ್ಪಿಗೆ ಬೇಕು’ ಎಂದು ಬರೆದರೆ, ತೆರೆದು ಓದುವ ಮುನ್ನವೇ ಅವರಿಗೆ ಮಾಡಬೇಕಾದದ್ದು ತಿಳಿದಿರುತ್ತದೆ.