ಕಲಿಸುವಾಗ ಮಾತ್ರ ಬರುವ ಮಾತುಗಳು

ನಮ್ಮದು ಉಡುಪಿಯ ಪೆರ್ಡೂರು ಕಡೆಯ ಕುಂಬಾರ ಮನೆ. ಮನೆಮಾತು ತುಳು. ಮಡಕೆ ಮಾಡುವವರು ಕಡಿಮೆಯಾಗುತ್ತಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ಅವರ ಜೊತೆ ಹೋಗುವ ಮಾತಿನ ಬಗ್ಗೆ ಹೇಳುವವರು ಕಡಿಮೆ. ಅದನ್ನು ಉಳಿಸಿಕೊಳ್ಳಲು ನಮ್ಮ ಮನೆಯಲ್ಲಿ ಏನು ಮಾಡುತ್ತಿದ್ದೇವೆ ಅಂತ ಬರೆಯುತ್ತೇನೆ. ಬೇರೆ ಕಸುಬಿನವರಿಗೂ ಉಪಯೋಗಕ್ಕೆ ಬರಬಹುದು.

ಪಾತ್ರೆಗಳ ಹೆಸರು ಸಿಗುವುದು ಕಷ್ಟವಲ್ಲ. ಅನ್ನಕ್ಕೆ ಕರ, ಮೀನು ಸಾರಿಗೆ ಬಿಸಲೆ, ದೋಸೆಗೆ ಓಡು, ಚಿಕ್ಕ ಮಡಕೆಯಾದರೆ ಕಡ್ಯ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನಾ ಕೇಂದ್ರದವರು 1988ರಿಂದ 1997ರ ಒಳಗೆ ತುಳು ನಿಘಂಟನ್ನು ಆರು ಸಂಪುಟಗಳಲ್ಲಿ ತಂದಿದ್ದಾರೆ. ತುಂಬ ದೊಡ್ಡ ಕೆಲಸ ಅದು. ಹೆಸರಿನಲ್ಲಿ ಅನುಮಾನ ಬಂದರೆ ನಾನು ಅದನ್ನೇ ತೆರೆಯುವುದು. ಆದರೆ ಮಣ್ಣಿನ ಹದ ಹೇಳುವ ಮಾತು, ಕೈ ತಿದ್ದುವ ಮಾತು, ಗದರುವ ಮಾತು ಬೇರೆ. ಅವು ಕೆಲಸ ನಡೆಯುವಾಗ ಮಾತ್ರ ಬಾಯಿಗೆ ಬರುತ್ತವೆ.

ಹಿರಿಯರನ್ನು ಕೂರಿಸಿ "ಇದಕ್ಕೇನು ಹೇಳ್ತೀರಿ?" ಅಂತ ಕೇಳಿದರೆ ನಾಲ್ಕು ಹೆಸರು ಹೇಳಿ ಸುಮ್ಮನಾಗುತ್ತಾರೆ. ಅದಕ್ಕೇ ನಾನು ಪ್ರಶ್ನೆ ಕೇಳುವುದಿಲ್ಲ. ಅಜ್ಜಿಯ ಪಕ್ಕ ಕಲಿಯುವ ಹುಡುಗಿಯೊಬ್ಬಳನ್ನು ಕೂರಿಸಿ, ಫೋನಿನ ರೆಕಾರ್ಡರ್ ಹಾಕಿ, ನಾನು ಮಣ್ಣು ತುಳಿಯಲು ಹೋಗುತ್ತೇನೆ.

ಅಡಿ ಮುಚ್ಚುವ ಕೆಲಸ ಇದಕ್ಕೆ ಬಹಳ ಒಳ್ಳೆಯದು. ತಿಗರಿಯಿಂದ, ಅಂದರೆ ಮಡಕೆ ಮಾಡುವ ಚಕ್ರದಿಂದ, ಇಳಿಸಿದಾಗ ನಮ್ಮ ಕರಕ್ಕೆ ಅಡಿಯೇ ಇರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ನುಣುಪಾದ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಾ ಬರಬೇಕು. ಮಣ್ಣು ತೆಳ್ಳಗಾಗಿ ಹಿಗ್ಗುತ್ತದೆ, ತೂತು ಕಿರಿದಾಗುತ್ತಾ ಮುಚ್ಚಿಕೊಳ್ಳುತ್ತದೆ. ಕಲ್ಲು ಮತ್ತು ಹಲಗೆ ಒಂದೇ ಜಾಗದಲ್ಲಿ ಸೇರಬೇಕು, ಇಲ್ಲದಿದ್ದರೆ ಅಲ್ಲೇ ಬಿರುಕು. ಹುಡುಗಿ ಕರದ ಕತ್ತಿಗೆ ಕೈ ಹಾಕಿದಳು. ಅಜ್ಜಿ ತಕ್ಷಣ, "ಕೆಕ್ಕಿಲ್ ಪತ್ತೊಡ್ಚಿ ಮಗಾ, ಬಂಜಿ ಪತ್ತ್‌ಲ." ಕತ್ತು ಹಿಡಿಯಬೇಡ, ಹೊಟ್ಟೆ ಹಿಡಿ ಅಂತ. ಆಮೇಲೆ ಪೆಟ್ಟು ಜೋರಾದಾಗ "ಮೆಲ್ಲ, ಮೆಲ್ಲ." ಪೆಟ್ಟಿನ ಸದ್ದು ಬದಲಾದ ಹಾಗೆ ಅಜ್ಜಿಯ ಮಾತೂ ಬದಲಾಗುತ್ತದೆ. ಎಲ್ಲಿ ಮಣ್ಣು ದಪ್ಪ ಇದೆ ಅಂತ ಅವರಿಗೆ ಕಿವಿಯಲ್ಲೇ ಗೊತ್ತು. ಹಾಗಾಗಿ ರೆಕಾರ್ಡಿಂಗಿನಲ್ಲಿ ಬಡಿಯುವ ಸದ್ದನ್ನು ನಾನು ತೆಗೆಯುವುದಿಲ್ಲ. ಅದಿಲ್ಲದೆ ಮಾತು ಅರ್ಧ.

ಬರೆದುಕೊಳ್ಳುವಾಗಲೂ ಒಂಟಿ ಶಬ್ದ ಬರೆಯುವುದಿಲ್ಲ, ಇಡೀ ವಾಕ್ಯ ಬರೆಯುತ್ತೇನೆ. ಯಾವ ಹಂತದಲ್ಲಿ ಹೇಳಿದ್ದು, ಮಣ್ಣು ಎಷ್ಟು ಹಸಿ ಇತ್ತು, ಯಾರು ಯಾರಿಗೆ ಹೇಳಿದ್ದು, ಇಷ್ಟು ಪಕ್ಕದಲ್ಲಿರುತ್ತದೆ. ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಶಾಲೆ ಮಕ್ಕಳೂ ಓದುತ್ತಾರೆ. ಅಕಾರಾದಿಯಲ್ಲಿ ಜೋಡಿಸದೆ ಕೆಲಸದ ಕ್ರಮದಲ್ಲೇ ಇಟ್ಟಿದ್ದೇನೆ: ಮಣ್ಣು ತೆಗೆಯುವುದು, ಅದರಲ್ಲಿರುವ ಕಲ್ಲು ಹೆಕ್ಕುವುದು, ತುಳಿಯುವುದು, ತಿಗರಿ, ಬಡಿಯುವುದು, ಒಣಗಿಸುವುದು, ಸುಡುವುದು.

ಮಾರುವಲ್ಲಿಯೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಬಿಲ್ಲಿನಲ್ಲಿ "ಮಣ್ಣಿನ ಪಾತ್ರೆ" ಅಂತ ಬರೆಯುವುದಿಲ್ಲ. ಬಿಸಲೆ ಕೊಟ್ಟರೆ ಬಿಸಲೆ ಅಂತಲೇ ಬರೆಯುವುದು. ಗಿರಾಕಿ ಬಂದರೆ "ಯಾವುದಕ್ಕೆ ಬೇಕು?" ಅಂತ ಮೊದಲು ಕೇಳುತ್ತೇನೆ. ಬಂಗುಡೆ ಸಾರಿಗೆ ಅಂದರೆ ಬಿಸಲೆ ಎತ್ತಿ ಕೊಟ್ಟು ಹೆಸರು ಹೇಳುತ್ತೇನೆ. ಹೊಸದನ್ನು ಗಂಜಿ ತೆಳಿ ಹಾಕಿ ಕುದಿಸಿ ಪಳಗಿಸುವುದನ್ನೂ ಹೇಳುತ್ತೇನೆ. ಎರಡನೇ ಸಲ ಬರುವಾಗ ಹೆಚ್ಚಿನವರು ಹೆಸರು ಹೇಳಿಯೇ ಕೇಳುತ್ತಾರೆ. ನನಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಕಷ್ಟ ಇರುವುದು ಮಣ್ಣಿನಲ್ಲಿ. ಕೊಯ್ಲಾದ ಮೇಲೆ ಗದ್ದೆಯಿಂದ ತೆಗೆಯುವ ಮಣ್ಣು ನಮಗೆ ಬೇಕು. ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದರೆ ಎಲ್ಲಿಂದ ತರುವುದು? ಮಣ್ಣು ಆರಿಸುವ ಮಾತು ಕೇಳಬೇಕಾದರೆ ಗದ್ದೆಯಲ್ಲೇ ನಿಲ್ಲಬೇಕು ಅಲ್ವಾ. ಅದಕ್ಕೇ ಈಗ ಆ ಭಾಗವನ್ನೇ ಮೊದಲು ರೆಕಾರ್ಡ್ ಮಾಡುತ್ತಿದ್ದೇನೆ. ಸುಡುವ ಕೆಲಸದ್ದು ಬೇಸಗೆಯಲ್ಲಿ. ಮಳೆ ಶುರುವಾದರೆ ಆವಿಗೆ (ಮಡಕೆ ಸುಡುವ ಒಲೆ) ಹಚ್ಚಲು ಆಗುವುದಿಲ್ಲ, ಆಗ ಕೂತು ಕೇಳಿ ಬರೆದಿಡುವ ಕೆಲಸ.